ಕ್ರೋಮ್ ಟ್ಯಾಂಕ್‌ನಿಂದ ಸ್ಯಾಂಪಲ್ ತೆಗೆಯೋದು: ಪ್ರಶ್ನೋತ್ತರ

ಪ್ರಶ್ನೆ: ಪೀಣ್ಯದ ಸಣ್ಣ ಪ್ಲೇಟಿಂಗ್ (ಲೋಹದ ಲೇಪ ಕೊಡುವ) ಘಟಕದಲ್ಲಿ ಕೆಲಸ ಮಾಡುತ್ತೇನೆ. ವಾರಕ್ಕೊಮ್ಮೆ ಹಾರ್ಡ್ ಕ್ರೋಮ್ ಟ್ಯಾಂಕ್‌ನ ಸ್ಯಾಂಪಲ್ ಲ್ಯಾಬ್‌ಗೆ ಕೊಡಬೇಕು. ಹಳಬರು ಪಿಪೆಟ್‌ಗೆ (ದ್ರವ ಎಳೆಯುವ ನಳಿಕೆಗೆ) ಬಾಯಿ ಹಚ್ಚಿ ಎಳೆದು, ಖಾಲಿ ನೀರಿನ ಬಾಟಲಿಗೆ ತುಂಬುತ್ತಾರೆ. ನನಗೂ ಹಾಗೇ ಮಾಡು ಅಂತಾರೆ. ಈಚೆಗೆ ಮೂಗಿನಿಂದ ರಕ್ತ ಬರುತ್ತಿದೆ. ಇದಕ್ಕೂ ಕೆಲಸಕ್ಕೂ ಸಂಬಂಧ ಇದೆಯಾ?

ಉತ್ತರ (ಕೈಗಾರಿಕಾ ಸುರಕ್ಷತಾ ತಜ್ಞರು): ಇರಬಹುದು. ಮೊದಲು ಇಎನ್‌ಟಿ ಡಾಕ್ಟರಿಗೆ ತೋರಿಸಿ, ಕ್ರೋಮ್ ಟ್ಯಾಂಕ್ ಪಕ್ಕ ಕೆಲಸ ಅಂತ ಹೇಳಲೇಬೇಕು. ಟ್ಯಾಂಕ್‌ನ ಕ್ರೋಮಿಕ್ ಆಸಿಡ್‌ನ ಮಂಜು ಮೂಗಿನ ನಡುಗೋಡೆಯಲ್ಲಿ ಹುಣ್ಣು ಮಾಡಿ, ಕೊನೆಗೆ ತೂತನ್ನೇ ಕೊರೆಯುತ್ತದೆ. ಎಷ್ಟೋ ಸಲ ನೋವೇ ಇರುವುದಿಲ್ಲ. ಆ ಆಸಿಡ್‌ನಲ್ಲಿರುವುದು ಹೆಕ್ಸಾವೇಲೆಂಟ್ ಕ್ರೋಮಿಯಂ, ಅಂದರೆ ಕ್ರೋಮಿಯಂನ ವಿಷಕಾರಿ ರೂಪ. ಶ್ವಾಸಕೋಶದ ಕ್ಯಾನ್ಸರ್ ತರುವ ವಸ್ತು.

ಬಾಯಿಂದ ಎಳೆಯೋದು ಇವತ್ತೇ ನಿಲ್ಲಬೇಕು. ಲೀಟರ್‌ಗೆ ಸುಮಾರು 250 ಗ್ರಾಂ ಕ್ರೋಮಿಕ್ ಆಸಿಡ್ ಇರುವ ದ್ರಾವಣ ಅದು, ಒಂದು ಗುಟುಕು ಜೀವ ತೆಗೆಯಬಹುದು. ಬಾಯಿಯ ಬದಲು ಪಿಪೆಟ್‌ಗೆ ಹಾಕುವ ರಬ್ಬರ್ ಬಲ್ಬ್‌ಗೆ ಎಷ್ಟು ದುಡ್ಡು ಆಗುತ್ತೆ ಹೇಳಿ?

ಸ್ಯಾಂಪಲ್‌ಗೆ ಮೊದಲು ಟ್ಯಾಂಕ್‌ಗೆ ಕರೆಂಟ್ ಕೊಡುವ ರೆಕ್ಟಿಫೈಯರ್ ಆಫ್ ಮಾಡಿಸಿ. ಕರೆಂಟ್ ಹರಿಯುವಾಗ ಹೈಡ್ರೋಜನ್ ಗುಳ್ಳೆಗಳು ಮೇಲೆ ಬಂದು ಒಡೆಯುತ್ತವೆ, ಒಂದೊಂದೂ ಆಸಿಡ್ ಹನಿಗಳನ್ನು ಚಿಮ್ಮಿಸುತ್ತದೆ. ನೀವು ಬಗ್ಗಿದಾಗ ಮುಖ ಇರುವುದು ಸರಿಯಾಗಿ ಅಲ್ಲೇ. ಎಕ್ಸಾಸ್ಟ್ ಮಾತ್ರ ಓಡುತ್ತಿರಲಿ. ಐದು ನಿಮಿಷ ಬಿಟ್ಟು, ಉದ್ದ ಹಿಡಿಯ ಪ್ಲಾಸ್ಟಿಕ್ ಡಿಪ್ಪರ್‌ನಲ್ಲಿ ತೆಗೆಯಿರಿ. ಮೊಣಕೈವರೆಗಿನ ಪಿವಿಸಿ ಗ್ಲೌಸ್, ಗಾಗಲ್ಸ್, ಮೇಲೆ ಫೇಸ್ ಶೀಲ್ಡ್, ಏಪ್ರನ್ ಬೇಕು. ಬಟ್ಟೆ ಮಾಸ್ಕ್ ಸುಮ್ನೆ.

ಬಾಟಲಿ ಎಚ್‌ಡಿಪಿಇಯದ್ದಾಗಿರಲಿ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್), ಲೇಬಲ್ ಮೊದಲೇ ಅಂಟಿಸಿ. ನೀರಿನ ಬಾಟಲಿ ಬೇಡವೇ ಬೇಡ, ಯಾರಾದರೂ ಜ್ಯೂಸ್ ಅಂದುಕೊಂಡರೆ? ಆ ಡಿಪ್ಪರನ್ನು ಸಯನೈಡ್ ಟ್ಯಾಂಕ್‌ಗೆ ಅದ್ದಲೇಬಾರದು. ಸಯನೈಡ್‌ಗೆ ಆಸಿಡ್ ತಾಗಿದರೆ ಹೈಡ್ರೋಜನ್ ಸಯನೈಡ್ ಎಂಬ ಮಾರಕ ಅನಿಲ ಏಳುತ್ತದೆ.

ಇನ್ನೊಬ್ಬ ಸದಸ್ಯರು: ಚೆಲ್ಲಿದರೆ ನಾವು ಮರದ ಹೊಟ್ಟು ಹಾಕುತ್ತೇವೆ. ಸರಿ ಅಲ್ವಾ?

ಉತ್ತರ: ಸರಿಯಲ್ಲ, ಬೆಂಕಿಯೇ ಹತ್ತಬಹುದು. ಕ್ರೋಮಿಕ್ ಆಸಿಡ್‌ಗೆ ಹೊಟ್ಟು, ಬಟ್ಟೆ, ಸ್ಪಿರಿಟ್ ಯಾವುದೂ ಆಗಿಬರಲ್ಲ. ಒಣ ಮರಳು ಹಾಕಿ, ಬಳಿದು, ಅಪಾಯಕಾರಿ ತ್ಯಾಜ್ಯದ ಡ್ರಮ್‌ಗೆ ತುಂಬಿ. ಮೋರಿಗೆ ಬಿಡಬೇಡಿ.

ಪ್ರಶ್ನೆ ಕೇಳಿದವರು: ಗಾಳಿಯನ್ನೂ ಪರೀಕ್ಷೆ ಮಾಡಿಸಬಹುದಾ?

ಉತ್ತರ: ಮಾಡಿಸಲೇಬೇಕು. ಕಾಲರ್ ಹತ್ತಿರ ಪಿವಿಸಿ ಫಿಲ್ಟರ್ ಇರುವ ಕ್ಯಾಸೆಟ್ (ಸಣ್ಣ ಡಬ್ಬಿ), ಸೊಂಟಕ್ಕೆ ಪಂಪ್ ಕಟ್ಟಿ ಇಡೀ ಶಿಫ್ಟ್ ಓಡಿಸುತ್ತಾರೆ. 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲಿ ಗಾಳಿಯಲ್ಲಿನ ಈ ಕ್ರೋಮಿಯಂಗೆ ಘನಮೀಟರ್‌ಗೆ 0.05 ಮಿಲಿಗ್ರಾಂ ಮಿತಿ ಇತ್ತು. ಅಮೆರಿಕದಲ್ಲಿ 0.005. ನಾನು ನೋಡೋದು ಎರಡನೆಯದನ್ನೇ. ವರದಿಯ ಒಂದು ಪ್ರತಿ ನೀವೂ ಇಟ್ಟುಕೊಳ್ಳಿ, ಡಾಕ್ಟರ್ ಕೇಳುತ್ತಾರೆ.