ಕಾಫಿ ಕ್ಯೂರಿಂಗ್: ಹೊಟ್ಟಿನ ಕೋಣೆಯಲ್ಲಿ ನಡುರಾತ್ರಿ ಹೊಗೆ, ಕಾರಣ ಸಿಗುತ್ತಿಲ್ಲ

ರಾತ್ರಿಪಾಳಿ_ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ಹೊರವಲಯದ ಒಂದು ಕಾಫಿ ಕ್ಯೂರಿಂಗ್ (ಒಣ ಕಾಫಿಯ ಸಿಪ್ಪೆ ಬಿಡಿಸಿ ಹಸನು ಮಾಡುವ) ಕಾರ್ಖಾನೆಯಲ್ಲಿ ನಾನು ಸೂಪರ್‌ವೈಸರ್. ಹದಿನೈದು ದಿನಗಳಲ್ಲಿ ಎರಡು ಬಾರಿ ನಮ್ಮ ಹೊಟ್ಟಿನ ಕೋಣೆಯಲ್ಲಿ ಹೊಗೆ ಕಾಣಿಸಿಕೊಂಡಿದೆ. ಎರಡೂ ಸಲ ರಾತ್ರಿ ಒಂದರಿಂದ ಎರಡರೊಳಗೆ. ನಾವು ಯಂತ್ರ ನಿಲ್ಲಿಸುವುದು ಒಂಬತ್ತಕ್ಕೆ.

ಹಲ್ಲರ್‌ನಿಂದ (ಸಿಪ್ಪೆ ಬಿಡಿಸುವ ಯಂತ್ರ) ಬರುವ ಪಾರ್ಚ್‌ಮೆಂಟ್ ಹೊಟ್ಟನ್ನು, ಅಂದರೆ ಬೀಜದ ಮೇಲಿನ ಒಣ ಸಿಪ್ಪೆಯನ್ನು, ಬ್ಲೋವರ್ ಫ್ಯಾನ್ ಎಳೆದುಕೊಂಡು ಕೊಳವೆಯ ಮೂಲಕ ಸೈಕ್ಲೋನಿಗೆ (ಗಾಳಿಯನ್ನು ಸುತ್ತಿಸಿ ಹೊಟ್ಟನ್ನು ಬೇರೆ ಮಾಡುವ ಪಾತ್ರೆ) ತಳ್ಳುತ್ತದೆ. ಅಲ್ಲಿಂದ ಹೊಟ್ಟು ಕೋಣೆಗೆ ಬೀಳುತ್ತದೆ. ಎಲೆಕ್ಟ್ರಿಷಿಯನ್ ಬಂದು ನೋಡಿಹೋದರು. ಕೋಣೆಯೊಳಗೆ ವೈರಿಂಗ್ ಇರಲಿ, ಒಂದು ಬಲ್ಬೂ ಇಲ್ಲ. ಮಾಲೀಕರು ವಾಚ್‌ಮನ್‌ನ ಬೀಡಿಯೇ ಕಾರಣ ಎನ್ನುತ್ತಾರೆ. ಆತ ಎಲೆ-ಅಡಿಕೆಯವನು, ಬೀಡಿ ಸೇದಿದ್ದನ್ನು ನಾನಂತೂ ಕಂಡಿಲ್ಲ. ಎರಡನೇ ಸಲ ಆತ ಬಾಗಿಲು ತೆರೆದು ಪೈಪಿನಿಂದ ರಭಸವಾಗಿ ನೀರು ಬಿಟ್ಟಾಗ ಬುಸ್ಸೆಂದು ಜ್ವಾಲೆ ಹೊರಗೆ ನುಗ್ಗಿ ಎರಡೂ ಹುಬ್ಬು ಸುಟ್ಟುಹೋದವು. ಪುಣ್ಯಕ್ಕೆ ಕಣ್ಣಿಗೆ ಏನೂ ಆಗಲಿಲ್ಲ.

ಇನ್ನೊಂದು ಮಾತು. ಬ್ಲೋವರ್ ಪಕ್ಕದ ಕೊಳವೆ ಒಂದು ಕಡೆ ತೂತಾಗಿದೆ. ನಾಳೆ ಸಂಜೆ ಅಲ್ಲೇ ನಿಂತು ವೆಲ್ಡಿಂಗ್ ಮಾಡಿಸುವುದೆಂದು ನಿಶ್ಚಯವಾಗಿದೆ.

ಹಾಸನದ_ಫಿಟ್ಟರ್

ನಾಳೆಯ ವೆಲ್ಡಿಂಗ್ ನಿಲ್ಲಿಸಿ. ಉಳಿದದ್ದನ್ನು ಆಮೇಲೆ ಮಾತನಾಡೋಣ.

ತೂತಾದ ತುಂಡಿನ ಬೋಲ್ಟ್ ಬಿಚ್ಚಿ ಅಂಗಳಕ್ಕೆ ತಂದು, ಒಳಗಿನ ಹೊಟ್ಟನ್ನೆಲ್ಲ ಒರೆಸಿ, ಅಲ್ಲಿ ವೆಲ್ಡ್ ಮಾಡಿ. ಬಿಚ್ಚಲು ಬರುವುದೇ ಇಲ್ಲವೆಂದರೆ ಕೊಳವೆಯನ್ನು ಎರಡೂ ಕಡೆ ಮುಚ್ಚಿ, ಸುತ್ತ 11 ಮೀಟರ್‌ವರೆಗೆ ಹೊಟ್ಟು, ಗೋಣಿ ಚೀಲ, ದೂಳು ಯಾವುದೂ ಇಲ್ಲದಂತೆ ಮಾಡಿಕೊಳ್ಳಬೇಕು. ಕೆಲಸ ಮುಗಿದ ಮೇಲೂ ಒಬ್ಬರು ನೀರು ಇಟ್ಟುಕೊಂಡು ಒಂದು ಗಂಟೆ ಅಲ್ಲಿಯೇ ಕಾಯಬೇಕು. ನಾನು ಪಶು ಆಹಾರದ ಮಿಲ್ಲಿನವನು, ಮೆಕ್ಕೆಜೋಳದ ದೂಳಿನ ನಡುವೆಯೇ ಹನ್ನೆರಡು ವರ್ಷ ಕಳೆದಿದ್ದೇನೆ. ವೆಲ್ಡರ್ ಊಟಕ್ಕೆ ಹೋದ ಮೇಲೆಯೇ ಬೆಂಕಿ ಏಳುವುದು.

ಮೂಡಿಗೆರೆ_ತೋಟ

ಹೊಟ್ಟು ಒದ್ದೆ ಇದ್ದರೆ ತಾನಾಗಿಯೇ ಕಾಯುತ್ತದಲ್ಲವೇ ಮಾರಾಯರೇ? ನಮ್ಮ ಗೊಬ್ಬರದ ಗುಂಡಿಯಲ್ಲಿ ಬೆಳಗಿನ ಜಾವ ಹಬೆ ಏಳುವುದನ್ನು ನೋಡಿದ್ದೇನೆ, ಕೈ ಇಟ್ಟರೆ ಸುಡುತ್ತದೆ.

ರಾತ್ರಿಪಾಳಿ_ಚಿಕ್ಕಮಗಳೂರು

ವೆಲ್ಡಿಂಗ್ ನಿಲ್ಲಿಸಿದ್ದೇನೆ. ಮಾಲೀಕರು ಸಿಡಿಮಿಡಿಗೊಂಡರು, ಇರಲಿ.

ತೋಟದವರೇ, ಇಟ್ಟಿಗೆ ಗೂಡಿನ ಲಾರಿ ಎರಡು ದಿನಕ್ಕೊಮ್ಮೆ ಬಂದು ಹೊಟ್ಟನ್ನೆಲ್ಲ ಒಯ್ಯುತ್ತದೆ. ಹಲ್ಲರ್‌ಗೆ ಹಾಕುವ ಪಾರ್ಚ್‌ಮೆಂಟ್ ಕಾಫಿ ಕೂಡ ಚೆನ್ನಾಗಿ ಒಣಗಿದ ಮಾಲು, ತೇವಾಂಶ ಶೇ. 10ರ ಆಸುಪಾಸು.

ನಿವೃತ್ತ_ಮೆಕ್ಯಾನಿಕಲ್

ಹಾಗಾದರೆ ತಾನೇ ಕಾದದ್ದಲ್ಲ. ಅದಕ್ಕೆ ತೇವ ಬೇಕು, ದೊಡ್ಡ ರಾಶಿ ಬೇಕು, ಎಷ್ಟೋ ದಿನ ಕದಲದೆ ಬಿದ್ದಿರಬೇಕು. ನಿಮ್ಮದು ಎರಡು ದಿನದ ಒಣ ರಾಶಿ.

ತಮ್ಮಾ, ನಿಮ್ಮ ಬರಹದಲ್ಲಿಯೇ ಸುಳಿವಿದೆ. ಹೊಟ್ಟು ಭುಗಿಲ್ಲೆಂದು ಹತ್ತುವ ವಸ್ತುವಲ್ಲ. ಒಂದು ಕಿಡಿ ರಾಶಿಯೊಳಗೆ ಹೂತುಹೋದರೆ ಕೆಂಡವಾಗಿ ಗಂಟೆಗಟ್ಟಲೆ ಒಳಗೊಳಗೇ ತಿನ್ನುತ್ತಾ ಹೋಗುತ್ತದೆ. ನಡುರಾತ್ರಿ ಕಂಡ ಹೊಗೆ ನಡುರಾತ್ರಿ ಹುಟ್ಟಿದ್ದಲ್ಲ, ಯಂತ್ರ ಓಡುತ್ತಿದ್ದಾಗ ಬಂದ ಕಿಡಿಯದು. ಪಾಪದ ವಾಚ್‌ಮನ್‌ನನ್ನು ಬಿಡಿ. ಕೋಣೆಯಿಂದ ಹಿಂದಕ್ಕೆ ನಡೆಯುತ್ತಾ ಬನ್ನಿ: ಸೈಕ್ಲೋನ್, ಕೊಳವೆ, ಬ್ಲೋವರ್, ಹಲ್ಲರ್. ಈ ದಾರಿಯಲ್ಲಿ ಲೋಹಕ್ಕೆ ಲೋಹ ಉಜ್ಜುವ ಜಾಗ ಎಲ್ಲಿದೆ? ನನ್ನ ಅನುಮಾನ ಬ್ಲೋವರ್ ಮೇಲೆ. ಹೊಟ್ಟು ಅದರ ರೆಕ್ಕೆಗಳ ನಡುವೆಯೇ ಹಾದುಹೋಗುತ್ತದೆ ಎಂದಿರಲ್ಲ.

ನಾಳೆ ಯಂತ್ರ ಓಡುವಾಗ ಬ್ಲೋವರಿನ ಎರಡೂ ಬೇರಿಂಗ್‌ಗಳ ಬಿಸಿ ಅಳೆದು ನೋಡಿ. ಇನ್‌ಫ್ರಾರೆಡ್ ಗನ್ ಹೊಳೆಯುವ ಲೋಹದ ಮೇಲೆ ಸುಳ್ಳು ಹೇಳುತ್ತದೆ, ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಕಪ್ಪು ಇನ್ಸುಲೇಷನ್ ಟೇಪಿನ ಒಂದು ತುಂಡು ಅಂಟಿಸಿ ಅದರ ಮೇಲೆ ಹಿಡಿಯಿರಿ. ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಬೇರಿಂಗ್ ಮನೆಯ ಮೇಲಿಟ್ಟು ಹಿಡಿಗೆ ಕಿವಿ ಕೊಡಿ. ಸರಿಯಿದ್ದರೆ ಒಂದೇ ಸಮನೆ ಗುಂಯ್‌ಗುಡುತ್ತದೆ, ಕೆಟ್ಟಿದ್ದರೆ ರಾಗಿ ಬೀಸಿದ ಹಾಗೆ ಕೇಳುತ್ತದೆ. ಆಮೇಲೆ ಕರೆಂಟ್ ತೆಗೆದು, ಸ್ವಿಚ್ಚಿಗೆ ಬೀಗ ಹಾಕಿ, ಬೀಗದ ಕೈಯನ್ನು ನಿಮ್ಮ ಜೇಬಿನಲ್ಲಿಟ್ಟುಕೊಂಡೇ ಬ್ಲೋವರಿನ ಮುಚ್ಚಳ ತೆರೆಯಿರಿ.

ಇನ್ನೆರಡು ಪ್ರಶ್ನೆ. ಹಲ್ಲರ್ ಮೇಲಿನ ತೊಲೆಗಳ ದೂಳಿನಲ್ಲಿ ಬೆರಳಿನಿಂದ ಹೆಸರು ಬರೆಯಲು ಬರುತ್ತದೆಯೇ? ಸೈಕ್ಲೋನಿನ ಸ್ಫೋಟದ ಮುಚ್ಚಳ (ಒಳಗೆ ಸ್ಫೋಟವಾದರೆ ಒತ್ತಡ ಹೊರಬಿಡುವಂಥದ್ದು) ಸರಾಗವಾಗಿ ತೆರೆದುಕೊಳ್ಳುತ್ತದೆಯೇ?

ರಾತ್ರಿಪಾಳಿ_ಚಿಕ್ಕಮಗಳೂರು

ಸರ್, ನಿಮ್ಮ ಅನುಮಾನ ನಿಜವಾಯಿತು.

ಮೋಟಾರ್ ಕಡೆಯ ಬೇರಿಂಗ್ 52 ಡಿಗ್ರಿ, ರೆಕ್ಕೆಯ ಕಡೆಯದು 108. ಮುಚ್ಚಳ ತೆರೆದರೆ ಒಳಗೋಡೆಯ ಕೆಳಭಾಗದಲ್ಲಿ ಅಂಗೈಯಗಲದ ಜಾಗ ಹೊಸ ಸ್ಟೀಲ್ ಲೋಟದಂತೆ ಹೊಳೆಯುತ್ತಿತ್ತು, ಅದರ ಅಂಚು ಕಾದು ನೀಲಿಗಟ್ಟಿತ್ತು. ಶಾಫ್ಟ್ ಒಂದು ಪಕ್ಕಕ್ಕೆ ಇಳಿದು ರೆಕ್ಕೆ ಗೋಡೆಗೆ ಉಜ್ಜುತ್ತಿತ್ತು. ತೂತಾದ ಕೊಳವೆ ಇದ್ದದ್ದೂ ಅದರ ಮುಂದೆಯೇ.

ಬೇರಿಂಗ್ ಬಿಚ್ಚಿದಾಗ ಸೀಲ್ ಹೊರಗೆ ಉಬ್ಬಿತ್ತು. ಒಳಗೆ ಗ್ರೀಸ್ ಮತ್ತು ಹೊಟ್ಟಿನ ದೂಳು ಬೆರೆತು ಹಳಸಿದ ಮುದ್ದೆಯಂತಾಗಿತ್ತು. ನಮ್ಮ ಆಯಿಲ್‌ಮನ್ ಬಹಳ ಶ್ರದ್ಧೆಯವನು. ದಿನಾ ಬೆಳಗ್ಗೆ ದೇವರಿಗೆ ಕೈಮುಗಿದು, ಗ್ರೀಸ್ ಹೊರಗೆ ಬರುವವರೆಗೂ ಗನ್ ಒತ್ತುತ್ತಾನೆ.

ತೊಲೆಯ ಮೇಲೆ ಹೆಸರಷ್ಟೇ ಅಲ್ಲ, ವಿಳಾಸವನ್ನೂ ಬರೆಯಬಹುದು. ಸ್ಫೋಟದ ಮುಚ್ಚಳವನ್ನು ತಂತಿಯಿಂದ ಕಟ್ಟಿದ್ದಾರೆ. ಜುಲೈ ಮಳೆಯಲ್ಲಿ ನೀರು ಸೋರುತ್ತದೆಂದು ಯಾವ ಕಾಲದಲ್ಲೋ ಕಟ್ಟಿದ್ದಂತೆ.

ಹಾಸನದ_ಫಿಟ್ಟರ್

ಅತಿ ಗ್ರೀಸ್! ನಮ್ಮಲ್ಲೂ ಇದೇ ಕಥೆ. ಬೇರಿಂಗ್ ಒಳಗೆ ಗ್ರೀಸ್ ಇಡುಕಿರಿದರೆ ಗೋಲಿಗಳು ಅದನ್ನು ಕಡೆಯುತ್ತಾ ಕಾಯುತ್ತವೆ. ಸೀಲ್ ಕಿತ್ತುಬರುತ್ತದೆ, ಆ ದಾರಿಯಲ್ಲಿ ದೂಳು ಒಳಹೋಗುತ್ತದೆ. ತಯಾರಕರ ಕೈಪಿಡಿಯಲ್ಲಿ ಎಷ್ಟು ಗ್ರಾಂ, ಎಷ್ಟು ಗಂಟೆಗೊಮ್ಮೆ ಎಂದು ಬರೆದಿರುತ್ತದೆ. ನಿಮ್ಮ ಗನ್ ಒಮ್ಮೆ ಒತ್ತಿದರೆ ಎಷ್ಟು ಗ್ರಾಂ ಬರುತ್ತದೆಂದು ತಕ್ಕಡಿಯಲ್ಲಿ ತೂಗಿ, ಲೆಕ್ಕವನ್ನು ಬೇರಿಂಗ್ ಪಕ್ಕದಲ್ಲೇ ಬಣ್ಣದಲ್ಲಿ ಬರೆಸಿ.

ನಿವೃತ್ತ_ಮೆಕ್ಯಾನಿಕಲ್

ಬೇರಿಂಗ್ ಬದಲಾಯಿಸಿದರೆ ಕಿಡಿ ನಿಂತೀತು. ಆದರೆ ನನಗೆ ಹೆಚ್ಚು ಭಯ ಆ ತೊಲೆಯ ದೂಳಿನದು.

2008ರ ಫೆಬ್ರವರಿಯಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಪೋರ್ಟ್ ವೆಂಟ್‌ವರ್ತ್‌ನಲ್ಲಿ ಒಂದು ಸಕ್ಕರೆ ಕಾರ್ಖಾನೆ ಸ್ಫೋಟಗೊಂಡು 14 ಮಂದಿ ಸತ್ತರು. ಮೊದಲ ಸ್ಫೋಟ ನಡೆದದ್ದು ಮುಚ್ಚಿದ ಕನ್ವೇಯರ್ ಒಳಗೆ. ಕಾದ ಬೇರಿಂಗೇ ಕಿಡಿಯ ಮೂಲವಾಗಿರಬಹುದೆಂದು ತನಿಖೆ ಹೇಳಿತು. ಅದು ಅಲ್ಲಿಗೇ ಮುಗಿಯಲಿಲ್ಲ. ಮೊದಲ ಸ್ಫೋಟದ ಅಲುಗಾಟಕ್ಕೆ ನೆಲ, ತೊಲೆಗಳ ಮೇಲೆ ಕೂತಿದ್ದ ಸಕ್ಕರೆಯ ದೂಳೆಲ್ಲ ಗಾಳಿಗೆ ಎದ್ದು, ಅದೂ ಹೊತ್ತಿಕೊಂಡು, ಒಂದರ ಹಿಂದೊಂದು ಸ್ಫೋಟಗಳು ಕಟ್ಟಡದ ಉದ್ದಕ್ಕೂ ಓಡಿದವು. ಕೂತ ದೂಳು ಬರೀ ಕಸ, ಎದ್ದ ದೂಳು ಮದ್ದುಗುಂಡು. ವಾಚ್‌ಮನ್‌ನ ಹುಬ್ಬು ಸುಟ್ಟದ್ದೂ ಹೀಗೆಯೇ: ಬಾಗಿಲು ತೆರೆದಾಗ ಕೆಂಡಕ್ಕೆ ಹೊಸ ಗಾಳಿ ಸಿಕ್ಕಿತು, ನೀರಿನ ರಭಸಕ್ಕೆ ದೂಳು ಎದ್ದಿತು. ಇನ್ನು ಮುಂದೆ ಹೊಗೆ ಕಂಡರೆ ಬಾಗಿಲು ತೆರೆಯದೆ, ಬ್ಲೋವರ್ ನಿಲ್ಲಿಸಿ, ಜನರನ್ನು ದೂರ ಕಳುಹಿಸಿ, 101ಕ್ಕೆ ಕರೆ ಮಾಡಿ. ಅಗ್ನಿಶಾಮಕದವರು ಬಂದೊಡನೆ ಒಳಗಿರುವುದು ಹೊಟ್ಟೆಂದು ತಿಳಿಸಿ. ಅದಕ್ಕೆ ತುಂತುರು ನೀರೇ ಬೇಕು, ನೇರ ಧಾರೆ ಆಗದು.

ದೂಳಿನ ಅಳತೆಗೆ ಕಾಗದದ ಕ್ಲಿಪ್ ನೆನಪಿಡಿ. ಅದರ ತಂತಿಯ ದಪ್ಪದಷ್ಟು, ಅಂದರೆ ಸುಮಾರು 0.8 ಮಿಲಿಮೀಟರ್ ದೂಳು ಅಗಲವಾಗಿ ಹರಡಿಕೊಂಡರೆ ಅಪಾಯವೆಂದೇ ಲೆಕ್ಕ. ನಿಮ್ಮವರು ಕಂಪ್ರೆಸರ್ ಗಾಳಿಯಿಂದ ತೊಲೆ ಊದುತ್ತಿದ್ದರೆ ಇಂದೇ ನಿಲ್ಲಿಸಿ. ಮೆತ್ತನೆಯ ಪೊರಕೆ, ಇಲ್ಲವೇ ಇಂಥ ದೂಳಿಗೆಂದೇ ಮಾಡಿದ ವ್ಯಾಕ್ಯೂಮ್ ಸರಿ.

ಮುಚ್ಚಳದ ತಂತಿ ಕತ್ತರಿಸಿ. ಮಳೆಗೆ ರಬ್ಬರ್ ಗ್ಯಾಸ್ಕೆಟ್ ಹಾಕಿಸಿ, ಒಳಗಿನ ಒತ್ತಡಕ್ಕೆ ಮಾತ್ರ ಅದು ಹಗುರಾಗಿ ಹಾರಬೇಕು. ಹಾರುವ ದಿಕ್ಕಿನಲ್ಲಿ ಹಮಾಲರು ಊಟಕ್ಕೆ ಕೂರುವ ಜಗಲಿ ಇರಕೂಡದು.

ಹಣ ಒದಗಿದಾಗ ಬ್ಲೋವರನ್ನು ಸೈಕ್ಲೋನಿನ ಆಚೆಗೆ ಸಾಗಿಸಿ. ಆಗ ಹೊಟ್ಟು ಸೈಕ್ಲೋನಿನಲ್ಲೇ ಬೇರೆಯಾಗಿ, ರೆಕ್ಕೆಗೆ ಬಹುಮಟ್ಟಿಗೆ ಬರಿಯ ಗಾಳಿ ಸಿಗುತ್ತದೆ. ಸೈಕ್ಲೋನಿನ ಬುಡಕ್ಕೆ ರೋಟರಿ ವಾಲ್ವ್ ಬೇಕಾಗುತ್ತದೆ, ಇಲ್ಲದಿದ್ದರೆ ಕೆಳಗಿನಿಂದ ಗಾಳಿ ನುಗ್ಗಿ ಹೊಟ್ಟು ಇಳಿಯುವುದಿಲ್ಲ.

ಮೂಡಿಗೆರೆ_ತೋಟ

ಇದಕ್ಕೆ ಕಾನೂನು ಏನೂ ಇಲ್ಲವೇ? ಮಾಲೀಕರಿಗೆ ತೋರಿಸಲು ಒಂದು ಕಾಗದ ಬೇಕಲ್ಲ.

ನಿವೃತ್ತ_ಮೆಕ್ಯಾನಿಕಲ್

1948ರ ಕಾರ್ಖಾನೆ ಕಾಯ್ದೆಯ 37ನೇ ಕಲಂ ಇಡಿಯಾಗಿ ಸ್ಫೋಟಕ ದೂಳು, ಅನಿಲಗಳ ಬಗ್ಗೆಯೇ ಇತ್ತು; 2025ರ ನವೆಂಬರ್‌ನಲ್ಲಿ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ದೂಳು ಶೇಖರವಾಗದಂತೆ ತೆಗೆಯಬೇಕು, ಕಿಡಿಯ ಮೂಲಗಳನ್ನು ದೂರವಿಡಬೇಕು ಎಂದು ಅಂದೇ ಬರೆದಿದ್ದರು. ಆದರೆ ನನ್ನ ಅನುಭವದಲ್ಲಿ ಮಾಲೀಕರಿಗೆ ಕಲಂಗಿಂತ ಆ ನೀಲಿಗಟ್ಟಿದ ತಗಡನ್ನು ಕೈಗೆ ಕೊಡುವುದು ಒಳ್ಳೆಯದು.

ರಾತ್ರಿಪಾಳಿ_ಚಿಕ್ಕಮಗಳೂರು

ಕೊಟ್ಟೆ ಸರ್. ತಿರುಗಿಸಿ ತಿರುಗಿಸಿ ನೋಡಿದರು, ಮಾತನಾಡಲಿಲ್ಲ. ಸಂಜೆ ವಾಚ್‌ಮನ್‌ನನ್ನು ಕರೆದು ಚಹಾ ಕೊಡಿಸಿದರು.

ಹೊಸ ಬೇರಿಂಗ್ ಕೂತು ಹನ್ನೊಂದು ದಿನವಾಯಿತು. 49 ಡಿಗ್ರಿ ದಾಟಿಲ್ಲ, ಪ್ರತಿ ಪಾಳಿಯಲ್ಲಿ ಎರಡು ಸಲ ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದೇವೆ. ತೊಲೆಗಳನ್ನು ಒರೆಸಲು ಎರಡು ಭಾನುವಾರ ಹಿಡಿಯಿತು, ಹದಿನಾರು ಚೀಲ ದೂಳು ಇಳಿಯಿತು. ಬ್ಲೋವರ್ ಸ್ಥಳಾಂತರ ಈ ಸೀಸನ್ ಮುಗಿದ ಮೇಲೆ. ಗ್ರೀಸ್ ಗನ್ ಈಗ ನನ್ನ ಮೇಜಿನ ಡ್ರಾಯರಿನಲ್ಲಿದೆ. ಆಯಿಲ್‌ಮನ್ ಮಾತ್ರ ಇನ್ನೂ ಮುನಿಸಿಕೊಂಡಿದ್ದಾನೆ.