ಚಿಕಿತ್ಸೆ ಮುಗಿದ ಮೇಲೆ ತಮ್ಮನನ್ನು ಎಲ್ಲಿ ಇರಿಸುವುದು? ಆಸ್ಪತ್ರೆಗೂ ಮನೆಗೂ ನಡುವಿನ ವಸತಿಯ ಬಗ್ಗೆ

ಮಲೆನಾಡಿನ ಅಣ್ಣ

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. 26 ವರ್ಷದ ನನ್ನ ತಮ್ಮ ಡಿಪ್ಲೊಮಾ ಮುಗಿಸಿ ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಕುಡಿತದಿಂದ ಆರಂಭವಾಗಿ ಕೊನೆಗೆ ಟಪೆಂಟಡಾಲ್ ಎಂಬ ನೋವಿನ ಮಾತ್ರೆಯ ಚಟಕ್ಕೆ ಬಿದ್ದ. ಈಗ ಆಸ್ಪತ್ರೆಯೊಂದರ ವ್ಯಸನಮುಕ್ತಿ ವಿಭಾಗದಲ್ಲಿ ಒಳರೋಗಿಯಾಗಿದ್ದು, ಮುಂದಿನ ವಾರ ಬಿಡುಗಡೆಯಾಗಲಿದ್ದಾನೆ.

ಮನೆಯಲ್ಲಿ ಒಮ್ಮತವಿಲ್ಲ. ಅವನನ್ನು ಊರಿಗೆ ಕರೆತಂದು ಕಣ್ಣೆದುರಿಗೇ ಇಟ್ಟುಕೊಳ್ಳಬೇಕೆಂದು ಅಮ್ಮನ ಆಸೆ. ಮದುವೆ ಮಾಡಿದರೆ ಜವಾಬ್ದಾರಿ ಬಂದು ತಾನಾಗಿ ಸರಿಹೋಗುತ್ತಾನೆ ಎಂಬುದು ಸೋದರಮಾವನ ವಾದ. ಖಾಸಗಿ ಕೇಂದ್ರವೊಂದರವರು ಇನ್ನೂ ಆರು ತಿಂಗಳು ತಮ್ಮಲ್ಲಿ ಬಿಡಿ, ಮೊದಲ ಮೂರು ತಿಂಗಳು ಮನೆಯವರು ನೋಡಲು ಬರುವಂತಿಲ್ಲ ಎನ್ನುತ್ತಿದ್ದಾರೆ. ತಮ್ಮನಿಗೆ ಇದಾವುದೂ ಬೇಡ; ಬೆಂಗಳೂರಿನಲ್ಲೇ ಬೇರೆ ಕೆಲಸ ಹುಡುಕುತ್ತೇನೆ, ಆದರೆ ಹಳೆಯ ರೂಮಿಗೆ ಮಾತ್ರ ಹೋಗಲಾರೆ ಎನ್ನುತ್ತಾನೆ. ವೈದ್ಯರೂ ಹಳೆಯ ರೂಮು ಖಂಡಿತ ಬೇಡವೆಂದಿದ್ದಾರೆ. ಆಸ್ಪತ್ರೆಯೂ ಅಲ್ಲದ, ಮನೆಯೂ ಅಲ್ಲದ, ಇಂಥ ಹುಡುಗರು ಕೆಲವು ಕಾಲ ಒಟ್ಟಿಗೆ ಇರಬಹುದಾದ ವಸತಿಗಳಿವೆಯಂತೆ. ಅವು ಹೇಗೆ ನಡೆಯುತ್ತವೆ, ಸೇರಿಸುವ ಮೊದಲು ಏನೇನು ವಿಚಾರಿಸಬೇಕು ಎಂದು ತಿಳಿದವರು ದಯವಿಟ್ಟು ತಿಳಿಸಿ.

ನಿವೃತ್ತ ಸಮಾಜಕಾರ್ಯಕರ್ತೆ

ನಾನು ಮನೋವೈದ್ಯಕೀಯ ಸಮಾಜಕಾರ್ಯದಲ್ಲಿ ಬಹುಕಾಲ ದುಡಿದವಳು. ನೀವು ಕೇಳುತ್ತಿರುವುದನ್ನು ಇಂಗ್ಲಿಷಿನವರು ಸೋಬರ್ ಲಿವಿಂಗ್ ಎಂದೂ, ನಮ್ಮ ಕಾನೂನು ಹಾಫ್‌ವೇ ಹೋಮ್ ಎಂದೂ ಕರೆಯುತ್ತವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕವಸ್ತುಗಳಿಂದ ಉಂಟಾಗುವ ಮಾನಸಿಕ ಸ್ಥಿತಿಗಳನ್ನೂ ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ. ಸರ್ಕಾರ ಒದಗಿಸಬೇಕಾದ ಸೇವೆಗಳನ್ನು ಹೇಳುವ 18ನೇ ಕಲಮಿನಲ್ಲಿ ಇಂಥ ಮನೆಗಳ ಪ್ರಸ್ತಾಪವೂ ಇದೆ. ಕಾಗದದ ಮೇಲಿರುವುದಕ್ಕೂ ನೆಲದ ಮೇಲಿರುವುದಕ್ಕೂ ಅಂತರ ದೊಡ್ಡದು, ಅದು ಬೇರೆ ಮಾತು.

ಆಸ್ಪತ್ರೆಯ ಕೆಲಸ ಸೀಮಿತವಾದದ್ದು. ವಸ್ತು ನಿಂತಾಗ ಬರುವ ನಡುಕ, ನಿದ್ರಾಹೀನತೆ, ಮೈನೋವು, ಕೆಲವರಲ್ಲಿ ಸನ್ನಿ, ಇವನ್ನು ಅಪಾಯವಿಲ್ಲದೆ ದಾಟಿಸಿ ಔಷಧ ಆರಂಭಿಸಿ ಕಳುಹಿಸುತ್ತಾರೆ. ಸಂಬಳ ಕೈಗೆ ಬಂದ ಸಂಜೆ ಏನು ಮಾಡಬೇಕು, ಹಳೆಯ ಗೆಳೆಯ ಕರೆ ಮಾಡಿದಾಗ ಏನು ಹೇಳಬೇಕು ಎಂಬುದನ್ನು ವಾರ್ಡಿನ ಹಾಸಿಗೆಯ ಮೇಲೆ ಕಲಿಯಲಾಗುವುದಿಲ್ಲ. ಬೀಗ ಹಾಕಿದ ಕೇಂದ್ರದಲ್ಲಿ ಇನ್ನೂ ಆರು ತಿಂಗಳು ಕಳೆದರೂ ಇದನ್ನು ಕಲಿಯಲಾಗುವುದಿಲ್ಲ. ಗೇಟಿನ ಹೊರಗೆ ಕಾಲಿಟ್ಟ ದಿನ ಅವನು ಮತ್ತೆ ಮೊದಲನೆಯ ಪಾಠದಲ್ಲೇ ಇರುತ್ತಾನೆ. ಹಾಗಾಗಿ ಯಾವ ಮನೆಯನ್ನು ನೋಡಲು ಹೋದರೂ ನಾನು ಮೊದಲು ಕೇಳುತ್ತಿದ್ದದ್ದು ಒಂದೇ: ಇಲ್ಲಿ ಇರುವವರ ಕೈಯಲ್ಲಿ ಬೀಗದ ಕೈ ಇದೆಯೇ? ಬೆಳಿಗ್ಗೆ ಕೆಲಸಕ್ಕೆ ಹೋಗಿ ರಾತ್ರಿ ಗೊತ್ತಾದ ಹೊತ್ತಿಗೆ ಮರಳುವ ಮನೆಯೇ ನೀವು ಹುಡುಕುತ್ತಿರುವ ಮನೆ.

ಮೂರು ತಿಂಗಳು ಭೇಟಿಯಿಲ್ಲ ಎನ್ನುವ ಜಾಗವನ್ನು ನಾನಾದರೆ ಅಲ್ಲಿಗೇ ಬಿಡುತ್ತೇನೆ. ಸ್ವಇಚ್ಛೆಯಿಂದ ಸೇರಿದ ವಯಸ್ಕನು ಹೋಗುತ್ತೇನೆಂದರೆ ಬಿಡಬೇಕು. ವಿಶೇಷ ಕಾರಣವಿದ್ದಾಗ ಮಾತ್ರ ಪರೀಕ್ಷೆಗಾಗಿ 24 ಗಂಟೆಗಳವರೆಗೆ ತಡೆಯಬಹುದು. ಸರಪಳಿಯಲ್ಲಿ ಕಟ್ಟುವುದನ್ನು ಕಾಯ್ದೆ ಸ್ಪಷ್ಟವಾಗಿ ನಿಷೇಧಿಸಿದೆ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರವನ್ನು ತೋರಿಸಿ ಎಂದು ಕೇಳುವುದಕ್ಕೆ ಸಂಕೋಚಪಡಬೇಡಿ.

ಔಷಧದ ಬಗ್ಗೆ ಅವರ ನಿಲುವನ್ನೂ ಮೊದಲೇ ತಿಳಿದುಕೊಳ್ಳಿ, ಏಕೆಂದರೆ ಹುಡುಗರು ಹೆಚ್ಚಾಗಿ ಪೆಟ್ಟು ತಿನ್ನುವುದು ಇಲ್ಲಿಯೇ. ಟಪೆಂಟಡಾಲ್ ಅಫೀಮಿನ ಜಾತಿಗೆ ಸೇರಿದ ಔಷಧವಾದ್ದರಿಂದ, ಮತ್ತೆ ಚಟಕ್ಕೆ ಬೀಳದಂತೆ ತಡೆಯಲು ವೈದ್ಯರು ಅವನಿಗೆ ನಾಲಿಗೆಯ ಕೆಳಗಿಡುವ ಬುಪ್ರೆನಾರ್ಫಿನ್ ಅಥವಾ ನಾಲ್ಟ್ರೆಕ್ಸೋನ್ ಬರೆದುಕೊಟ್ಟಿರಬಹುದು. ಕೆಲವು ಕೇಂದ್ರಗಳವರು ಇದೂ ಒಂದು ಚಟವೇ ಎಂದು ಹೇಳಿ ಸೇರಿದ ದಿನವೇ ನಿಲ್ಲಿಸಿಬಿಡುತ್ತಾರೆ. ಅಂಥ ಜಾಗ ಎಷ್ಟೇ ಚೊಕ್ಕಟವಾಗಿದ್ದರೂ ಬೇಡ.

ಇನ್ನು ಮದುವೆ. ನಿಮ್ಮ ಸೋದರಮಾವನವರ ಕಾಳಜಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಏನೂ ತಿಳಿಯದ ಹೆಣ್ಣುಮಗಳೊಬ್ಬಳನ್ನು ಚಿಕಿತ್ಸೆಯ ಭಾಗವಾಗಿ ತರುವುದು ಅವಳಿಗೆ ಮಾಡುವ ಅನ್ಯಾಯ. ಆ ಮಾತನ್ನು ಸದ್ಯಕ್ಕೆ ಮನೆಯಲ್ಲಿ ಎತ್ತಲೇಬೇಡಿ.

ಮೇರಿಲ್ಯಾಂಡ್ ಕನ್ನಡಿಗ

ಅಮೆರಿಕದಲ್ಲಿ ನಾನಿರುವ ರಾಜ್ಯದಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆಯೊಂದಿದೆ. 1975ರಲ್ಲಿ ಸಿಲ್ವರ್ ಸ್ಪ್ರಿಂಗ್ ಪಟ್ಟಣದಲ್ಲಿ ಸ್ಥಳೀಯ ಆಡಳಿತವು ತಾನು ನಡೆಸುತ್ತಿದ್ದ ಹಾಫ್‌ವೇ ಹೋಮನ್ನು ಮುಚ್ಚಲು ಹೊರಟಾಗ, ಅಲ್ಲಿದ್ದ ಪಾಲ್ ಮಲಾಯ್ ಮತ್ತು ಸಂಗಡಿಗರು ಆ ಮನೆಯನ್ನೇ ತಾವು ಬಾಡಿಗೆಗೆ ಹಿಡಿದು ನಡೆಸತೊಡಗಿದರು. ಆಕ್ಸ್‌ಫರ್ಡ್ ಹೌಸ್ ಎಂಬ ವ್ಯವಸ್ಥೆ ಹೀಗೆ ಹುಟ್ಟಿತು. ಈಗ ಅಂಥ ಮನೆಗಳು ಸಾವಿರಗಟ್ಟಲೆ ಇವೆ. ಅಲ್ಲಿ ವಾರ್ಡನ್ ಇಲ್ಲ, ಸಂಬಳದ ಸಿಬ್ಬಂದಿ ಇಲ್ಲ. ಗಂಡಸರ ಮನೆ ಬೇರೆ, ಹೆಂಗಸರ ಮನೆ ಬೇರೆ. ಪದಾಧಿಕಾರಿಗಳನ್ನು ಮನೆಯವರೇ ಚುನಾಯಿಸುತ್ತಾರೆ, ವಾರಕ್ಕೊಮ್ಮೆ ಸಭೆ ಸೇರಿ ಖರ್ಚುವೆಚ್ಚ ನೋಡುತ್ತಾರೆ, ಹೊಸಬನನ್ನು ಸೇರಿಸಿಕೊಳ್ಳಲು ಇರುವವರಲ್ಲಿ ನೂರಕ್ಕೆ 80 ಮಂದಿ ಒಪ್ಪಬೇಕು. ಬಾಡಿಗೆಯ ಪಾಲನ್ನು ಪ್ರತಿಯೊಬ್ಬನೂ ದುಡಿದು ಕೊಡಬೇಕು. ಮತ್ತೆ ಕುಡಿದರೆ ಅಥವಾ ಮಾದಕವಸ್ತು ಮುಟ್ಟಿದರೆ ಮನೆ ಬಿಡಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಇಷ್ಟು ಸರಿಯಾಗಿ ಪಾಲಿಸುವವನು ಎಷ್ಟು ಕಾಲ ಬೇಕಾದರೂ ಇರಬಹುದು.

ಇದು ಬರಿಯ ನಂಬಿಕೆಯ ಮಾತಲ್ಲ. ಚಿಕಿತ್ಸೆ ಮುಗಿಸಿದ 150 ಜನರಲ್ಲಿ ಅರ್ಧದಷ್ಟು ಮಂದಿಯನ್ನು ಆಕ್ಸ್‌ಫರ್ಡ್ ಹೌಸಿಗೆ, ಉಳಿದವರನ್ನು ಎಂದಿನ ಹೊರರೋಗಿ ಆರೈಕೆಗೆ ಕಳುಹಿಸಿ ಎರಡು ವರ್ಷ ಗಮನಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳ ಕೊನೆಗೆ ಮತ್ತೆ ಬಳಕೆಗಿಳಿದವರು ಮೊದಲ ಗುಂಪಿನಲ್ಲಿ ಶೇ 31.3, ಎರಡನೆಯದರಲ್ಲಿ ಶೇ 64.8. ಆಕ್ಸ್‌ಫರ್ಡ್ ಹೌಸಿಗೆ ಹೋದವರ ತಿಂಗಳ ಗಳಿಕೆ ಉಳಿದವರದ್ದಕ್ಕಿಂತ ಎರಡು ಪಟ್ಟಿಗೂ ಮಿಕ್ಕಿತ್ತು.

ಆದರೆ ಅಮೆರಿಕದಲ್ಲಿ ಸೋಬರ್ ಹೋಮ್ ಎಂಬ ಫಲಕ ಹಾಕಿಕೊಂಡದ್ದೆಲ್ಲ ಹೀಗಿಲ್ಲ ಎಂಬುದನ್ನೂ ಹೇಳಬೇಕು. ಅರಿಝೋನಾದಲ್ಲಿ ಮೂಲನಿವಾಸಿ ಜನರನ್ನು ಆಮಿಷವೊಡ್ಡಿ ಕರೆತಂದು, ಅವರ ಹೆಸರಿನಲ್ಲಿ ಸರ್ಕಾರಿ ಆರೋಗ್ಯ ನಿಧಿಯಿಂದ ಕೋಟಿಗಟ್ಟಲೆ ಹಣ ಎತ್ತಿದ ಜಾಲ 2023ರಲ್ಲಿ ಬಯಲಾಯಿತು. ಹುಡುಗ ಕುಡಿದರೂ ಕುಡಿಯದಿದ್ದರೂ ತನಗೆ ಲಾಭವೇ ಎನ್ನುವವನ ಕೈಯಲ್ಲಿ ಮನೆಯ ಆಡಳಿತ ಇರಬಾರದು.

ಕೆ.ಆರ್.ಪುರದ ಬಾಡಿಗೆದಾರ

ನಾನು ಅಂಥ ಮನೆಯೊಂದರಲ್ಲಿ ಇದ್ದವನು. ಮೇಲಿನವರು ಹೇಳಿದ ಚುನಾವಣೆ, ಪದಾಧಿಕಾರಿ ಎಂಬುದೇನೂ ನಮ್ಮಲ್ಲಿರಲಿಲ್ಲ, ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಪರಸ್ಪರ ನೆರವಾಗುವವರ ಕೂಟ) ಸಭೆಗಳಲ್ಲಿ ಪರಿಚಯವಾದ ನಾವು ಕೆಲವರು ಹಿರಿಯ ಸದಸ್ಯರೊಬ್ಬರ ಜಾಮೀನಿನ ಮೇಲೆ ಮೂರು ಕೋಣೆಗಳ ಮನೆ ಹಿಡಿದೆವು. ದೊಡ್ಡ ಅಡ್ಡಿ ಮನೆ ಸಿಗುವುದೇ. ಬೆಂಗಳೂರಿನಲ್ಲಿ ಮದುವೆಯಾಗದ ಗಂಡಸರೆಂದರೇ ಮಾಲೀಕರು ಹಿಂದೆ ಸರಿಯುತ್ತಾರೆ, ಇನ್ನು ಕುಡಿತ ಬಿಟ್ಟವರ ಗುಂಪು ಎಂದರೆ ಕೇಳಬೇಕೆ! ಜೊತೆಗೆ ತಿಂಗಳುಗಟ್ಟಲೆ ಬಾಡಿಗೆಯನ್ನು ಮುಂಗಡವಾಗಿ ಕೇಳುತ್ತಾರೆ. ಮೇರಿಲ್ಯಾಂಡಿನವರೇ, ಮುಂಗಡದ ಹಣವನ್ನು ನಿಮ್ಮಲ್ಲಿ ಯಾರು ಕೊಡುತ್ತಾರೆ?

ಇಂಥ ಮನೆಯಲ್ಲಿ ನಿಜವಾಗಿ ಕಷ್ಟದ ಹೊತ್ತು ಸಂಜೆ ಆರರಿಂದ ಒಂಬತ್ತು. ಹಗಲು ಕೆಲಸ ಕಾಯುತ್ತದೆ, ರಾತ್ರಿ ಮಾತ್ರೆ ನಿದ್ದೆ ತರುತ್ತದೆ. ಆ ಮೂರು ಗಂಟೆಗೆ ಮೊದಲೇ ಏನಾದರೂ ಗೊತ್ತುಮಾಡಿಕೊಂಡಿರಬೇಕು. ನಮ್ಮಲ್ಲಿ ಸಂಜೆಯ ಅಡುಗೆಯನ್ನು ಬೇಕೆಂದೇ ಇಬ್ಬಿಬ್ಬರ ಪಾಳಿಯಲ್ಲಿ ಇಟ್ಟಿದ್ದರು. ಹೊಸಬನಿಗೆ ಮೊದಲ ದಿನಗಳಲ್ಲಿ ಈರುಳ್ಳಿ ಹೆಚ್ಚುವ ಕೆಲಸ ತಪ್ಪುತ್ತಿರಲಿಲ್ಲ. ಅನ್ನ ಸಾರಿಗಿಂತ ಮುಖ್ಯವಾದದ್ದು, ಅವನು ಏಳು ಗಂಟೆಗೆ ಮನೆಯಲ್ಲಿರಬೇಕಾಗುತ್ತಿತ್ತು ಮತ್ತು ಬರದಿದ್ದರೆ ಇನ್ನೊಬ್ಬನಿಗೆ ತಿಳಿಯುತ್ತಿತ್ತು. ಬಸ್ ನಿಲ್ದಾಣದಿಂದ ಮನೆಗೆ ಬರುವ ದಾರಿಯಲ್ಲಿ ಬಾರ್ ಇದ್ದರೆ ಒಂದು ನಿಲ್ದಾಣ ಮೊದಲೇ ಇಳಿದು ಸುತ್ತುಹಾಕಿ ಬರುವುದು ನಾಚಿಕೆಯ ವಿಷಯವಲ್ಲವೆಂದು ಹಳಬರು ಹೇಳಿಕೊಡುತ್ತಿದ್ದರು.

ಹಣದ ವಿಚಾರದಲ್ಲಿ ಅಣ್ಣನವರಿಗೊಂದು ಮಾತು. ತಮ್ಮನ ಸಂಬಳವನ್ನೆಲ್ಲ ನಿಮ್ಮ ಖಾತೆಗೆ ಹಾಕಿಸಿಕೊಳ್ಳಬೇಡಿ. ಬಾಡಿಗೆ ಮತ್ತು ದಿನಸಿಯ ಪಾಲನ್ನು ಸಂಬಳದ ದಿನವೇ ಅವನು ಮನೆಯ ಲೆಕ್ಕ ನೋಡುವವರಿಗೆ ಕಟ್ಟಲಿ, ಉಳಿದದ್ದರಲ್ಲಿ ಒಂದು ಭಾಗವನ್ನು ಬೇಗ ತೆಗೆಯಲಾಗದಂತೆ ಆರ್.ಡಿ.ಯಲ್ಲಿ ಇಡಲಿ. ಮೊಬೈಲಿನಿಂದ ಅರೆಗಳಿಗೆಯಲ್ಲಿ ಹಣ ಕಳುಹಿಸಬಹುದಾದ ಈ ಕಾಲದಲ್ಲಿ ಎ.ಟಿ.ಎಂ. ಕಾರ್ಡು ಕಿತ್ತಿಟ್ಟುಕೊಂಡು ಪ್ರಯೋಜನವಿಲ್ಲ.

ಮೇರಿಲ್ಯಾಂಡ್ ಕನ್ನಡಿಗ

ಒಳ್ಳೆಯ ಪ್ರಶ್ನೆ. ಇಲ್ಲಿಯೂ ಅದೇ ತೊಡಕಿತ್ತು. 1988ರ ಮಾದಕವಸ್ತು ವಿರೋಧಿ ಕಾಯ್ದೆಯಲ್ಲಿ ಪ್ರತಿ ರಾಜ್ಯವೂ 1 ಲಕ್ಷ ಡಾಲರಿನ ಆವರ್ತನಿಧಿಯನ್ನು (ತೀರಿದ ಸಾಲದ ಹಣವನ್ನೇ ಮತ್ತೊಬ್ಬರಿಗೆ ಕೊಡುವ ನಿಧಿ) ಇಡಬೇಕೆಂದೂ, ಹೊಸ ಮನೆ ಹಿಡಿಯುವ ಗುಂಪಿಗೆ 4,000 ಡಾಲರುವರೆಗೆ ಸಾಲ ಕೊಟ್ಟು ಎರಡು ವರ್ಷಗಳಲ್ಲಿ ವಾಪಸು ಪಡೆಯಬೇಕೆಂದೂ ವಿಧಿಸಿದರು. ಮುಂಗಡ, ಮೊದಲ ತಿಂಗಳ ಬಾಡಿಗೆ ಅದರಲ್ಲೇ ಹೊರಡುತ್ತಿತ್ತು. ನೆರೆಹೊರೆಯವರ ವಿರೋಧವೂ ಕಡಿಮೆಯಿರಲಿಲ್ಲ. ವಾಷಿಂಗ್ಟನ್ ರಾಜ್ಯದ ಎಡ್ಮಂಡ್ಸ್ ನಗರದೊಡನೆ ನಡೆದ ವ್ಯಾಜ್ಯ 1995ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿ, ತೀರ್ಪು ಆಕ್ಸ್‌ಫರ್ಡ್ ಹೌಸಿನ ಪರವಾಗಿ ಬಂತು.

ಬೆಳ್ತಂಗಡಿಯ ಸೇವಾಪ್ರತಿನಿಧಿ

ಊರಿಗೆ ಬಂದರೆ ಕೆಟ್ಟ, ಬೆಂಗಳೂರಿನಲ್ಲಿದ್ದರೆ ಉಳಿದ ಎನ್ನುವ ಧಾಟಿಯನ್ನು ನಾನು ಒಪ್ಪುವುದಿಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳನ್ನು ಕಂಡವರಿಗೆ ಗೊತ್ತಿರುತ್ತದೆ, ಎಂಟು ದಿನಗಳ ಶಿಬಿರಕ್ಕಿಂತ ಅದರ ನಂತರದ ನವಜೀವನ ಸಮಿತಿಯೇ ಹೆಚ್ಚು ಕೆಲಸ ಮಾಡುತ್ತದೆ. ಅದೇ ಊರಿನ, ಕುಡಿತ ಬಿಟ್ಟ ಗಂಡಸರು ನಿಯಮಿತವಾಗಿ ಸೇರುತ್ತಾರೆ. ಒಬ್ಬ ಎರಡು ಸಲ ಬರದಿದ್ದರೆ ಮನೆಗೇ ಹೋಗಿ ಕರೆಯುತ್ತಾರೆ. ಒಂದೇ ಸೂರಿನಡಿ ವಾಸವಿಲ್ಲದಿದ್ದರೂ ಕಣ್ಣು ಇಟ್ಟಿರುವವರಿರುತ್ತಾರೆ.

ಆದರೆ ಎರಡು ಎಚ್ಚರಿಕೆ. ಈ ಶಿಬಿರಗಳು ಮುಖ್ಯವಾಗಿ ಕುಡಿತಕ್ಕೆ ಸಂಬಂಧಿಸಿದವು. ಮಾತ್ರೆಯ ಚಟಕ್ಕೆ ವೈದ್ಯರ ಕೈ ಬಿಡಬಾರದು. ಇನ್ನೊಂದು, ಕೊನೆಕೊಯ್ಲು ಮತ್ತು ಅಡಿಕೆ ಸುಲಿತದ ದಿನಗಳಲ್ಲಿ ತೋಟದ ಮನೆಯ ವಾತಾವರಣ ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಕೆಲಸದವರ ಸಂಜೆಯ ಮದ್ಯದ ಪಾಕೆಟ್ಟು ಅಂಗಳದಲ್ಲೇ ಒಡೆಯುವ ಮನೆಯಾದರೆ ಆ ಕಾಲದಲ್ಲಿ ಅವನನ್ನು ಕರೆಸಬೇಡಿ. ಸುಲಿತ ಮುಗಿದ ಮೇಲೆ ಬಂದು ಕೆಲವು ದಿನ ಇದ್ದು ಹೋಗಲಿ, ಅಮ್ಮನವರಿಗೂ ಸಮಾಧಾನವಾದೀತು.

ಮಲೆನಾಡಿನ ಅಣ್ಣ

ಎಲ್ಲರಿಗೂ ಕೃತಜ್ಞತೆಗಳು. ನಮ್ಮಲ್ಲಿ ಸುಲಿತಕ್ಕೆ ಬರುವವರಿಗೆ ಪಾಕೆಟ್ಟು ಕೊಡುವ ರೂಢಿ ಇದ್ದೇ ಇದೆ. ಅದನ್ನು ನಿಲ್ಲಿಸುವವರೆಗೆ ಅವನು ಬೆಂಗಳೂರಿನಲ್ಲೇ ಇರುವುದು ಸರಿ ಎಂದು ಅಮ್ಮನಿಗೂ ಅನಿಸಿದೆ. ಆಸ್ಪತ್ರೆಯವರೇ ಸೂಚಿಸಿದ ವಸತಿಯೊಂದನ್ನು ನೋಡಲು ಶನಿವಾರ ಹೋಗುತ್ತಿದ್ದೇವೆ. ಒಂದೇ ಅನುಮಾನ ಉಳಿದಿದೆ. ಮತ್ತೆ ಮುಟ್ಟಿದವನನ್ನು ಮನೆಯಿಂದ ಹೊರಹಾಕುತ್ತಾರೆಂದರೆ, ಅದೇ ರಾತ್ರಿ ಅವನು ಎಲ್ಲಿಗೆ ಹೋಗಬೇಕು?

ನಿವೃತ್ತ ಸಮಾಜಕಾರ್ಯಕರ್ತೆ

ಇದನ್ನು ಶನಿವಾರ ಅವರ ಬಾಯಿಂದಲೇ ಕೇಳಿ. ಜವಾಬ್ದಾರಿಯುಳ್ಳ ವಸತಿಯವರು ಹುಡುಗನನ್ನು ಬೀದಿಗೆ ಬಿಡುವುದಿಲ್ಲ. ಅವನು ಆಸ್ಪತ್ರೆ ಅಥವಾ ಮನೆಯವರ ಕೈ ಸೇರುವವರೆಗೆ ಒಬ್ಬರು ಜೊತೆಗಿರುತ್ತಾರೆ. ಉತ್ತರಕ್ಕೆ ತಡಕಾಡಿದರೆ ಆ ಮನೆಯನ್ನು ಎರಡನೆಯ ಸಲ ಯೋಚಿಸಿ.

ನಿಮ್ಮ ತಮ್ಮನ ವಿಷಯದಲ್ಲಿ ಇದು ಪ್ರಾಣಕ್ಕೆ ಸಂಬಂಧಿಸಿದ್ದು. ಕೆಲವು ವಾರ ಮಾತ್ರೆ ಬಿಟ್ಟ ಶರೀರಕ್ಕೆ ಹಿಂದಿನ ಪ್ರಮಾಣವನ್ನು ತಡೆಯುವ ಶಕ್ತಿ ಇರುವುದಿಲ್ಲ. ಹಿಂದೆ ತೆಗೆದುಕೊಳ್ಳುತ್ತಿದ್ದಷ್ಟನ್ನೇ ಮತ್ತೆ ತೆಗೆದುಕೊಂಡರೆ, ಅದರಲ್ಲೂ ಮದ್ಯದ ಜೊತೆಗೆ, ಉಸಿರಾಟ ನಿಲ್ಲಬಹುದು. ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾಗಿದ್ದರೆ, ತುಟಿ ನೀಲಿಯಾಗಿದ್ದರೆ ಮಲಗಿ ಎದ್ದರೆ ಸರಿಹೋಗುತ್ತದೆಂದು ಕಾಯದೆ 108ಕ್ಕೆ ಕರೆ ಮಾಡಬೇಕು, ಏನು ತೆಗೆದುಕೊಂಡಿದ್ದನೆಂದು ಬಂದವರಿಗೆ ಮುಚ್ಚಿಡದೆ ಹೇಳಬೇಕು. ಅವನಿಗೂ ಈಗಲೇ ಹೇಳಿಡಿ: ಜಾರಿದರೆ ಬೈಗುಳಕ್ಕೆ ಹೆದರಿ ಬಚ್ಚಿಡಬೇಡ, ಯಾವ ಹೊತ್ತಿನಲ್ಲಾದರೂ ಕರೆ ಮಾಡು ಎಂದು. ನಿಮ್ಮೊಡನೆ ಹೇಳಿಕೊಳ್ಳಲು ಅವನಿಗೆ ಮನಸ್ಸಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು, ಮಾದಕವಸ್ತು ವಿಷಯಕ್ಕೆಂದೇ 14446 ಸಹಾಯವಾಣಿ ಇದೆ. ಬಿಡುಗಡೆಯ ದಿನ ಮುಂದಿನ ಹೊರರೋಗಿ ಭೇಟಿಯ ದಿನಾಂಕವನ್ನು ಬರೆಸಿಕೊಳ್ಳದೆ ವಾರ್ಡಿನಿಂದ ಹೊರಡಬೇಡಿ.