ಒಂದನೇ ಕ್ಲಾಸ್ ಮಗಳ ಕೊನೇ ಹಲ್ಲಿನಲ್ಲಿ ಕಪ್ಪು ಚುಕ್ಕೆ, ಬಿಡಬಹುದಾ?

ಪಾವಗಡದಮ್ಮ:
ಮಗಳಿಗೆ ಆರೂವರೆ ವರ್ಷ, ಈ ಜೂನ್‌ಗೆ ಒಂದನೇ ಕ್ಲಾಸ್. ರಜೆಯೆಲ್ಲ ಅಜ್ಜಿ ಮನೆಯಲ್ಲಿ ಕಡಲೆ ಮಿಠಾಯಿ, ಐಸ್ ಕ್ಯಾಂಡಿ, ರಾತ್ರಿ ಬ್ರಷ್ ಅಂತೂ ಕೇಳಲೇಬೇಡಿ. ನಿನ್ನೆ ಟಾರ್ಚ್ ಬಿಟ್ಟು ನೋಡಿದರೆ ಕೆಳಗಿನ ಕೊನೇ ಹಲ್ಲಿನ ಗೀರಿನಲ್ಲಿ ಕಪ್ಪು ಚುಕ್ಕೆ. "ಹಾಲುಹಲ್ಲು ತಾನೇ, ಬಿದ್ದು ಹೋಗುತ್ತೆ ಬಿಡು" ಅಂತಾರೆ ಅತ್ತೆ.

ಹಲ್ಲಿನ ಡಾಕ್ಟರ್:
ಬಿಡಬೇಡಿ. ಮೊದಲು ಎಣಿಸಿ. ಮುಂದಿನ ಮಧ್ಯದಿಂದ ಒಂದು ಕಡೆಗೆ ಹಾಲುಹಲ್ಲು ಐದೇ. ಅದರ ಹಿಂದೆ ಆರನೆಯದು ಇದ್ದರೆ ಅದು ಶಾಶ್ವತ ಹಲ್ಲು, ಆರು ವರ್ಷದ ಹೊತ್ತಿಗೆ ಯಾವ ಹಲ್ಲೂ ಬೀಳದೆ ಸುಮ್ನೆ ಹಿಂದಿನಿಂದ ಬಂದುಬಿಡುತ್ತದೆ, ಹಾಗಾಗಿ ಎಷ್ಟೋ ಮನೆಗಳಲ್ಲಿ ಗೊತ್ತೇ ಆಗುವುದಿಲ್ಲ. ಹುಳುಕು ಹಿಡಿದಿಲ್ಲದಿದ್ದರೆ ಗೀರುಗಳಿಗೆ ಸೀಲೆಂಟ್ (ಹುಳುಕು ಹಿಡಿಯದಂತೆ ಗೀರು ಮುಚ್ಚುವ ತೆಳು ಲೇಪ) ಹಾಕಿಸಬಹುದು, ನೋವಾಗುವುದಿಲ್ಲ. ಹಾಲುಹಲ್ಲೇ ಆದರೂ ದವಡೆಯದು 10-12 ವರ್ಷದವರೆಗೆ ಬೇಕು.

ಇಬ್ಬರು ಮಕ್ಕಳ ಅಪ್ಪ:
ಟಿಫನ್ ಬಾಕ್ಸಿಗೆ ಕ್ರೀಮ್ ಬಿಸ್ಕತ್ತು ಹಾಕಬೇಡಿ ಮೇಡಂ, ಸಂಜೆವರೆಗೂ ಗೀರಿನಲ್ಲಿ ಅಂಟಿಕೊಂಡಿರುತ್ತದೆ. ನಾವು ಬೇಯಿಸಿದ ಕಡಲೆಕಾಯಿ ಕೊಡುತ್ತೇವೆ. ರಾತ್ರಿ ಬ್ರಷ್ ಮಾತ್ರ ನಾನೇ ಮಾಡಿಸುತ್ತೇನೆ, ಅವರ ಕೈಗೆ ಕೊಟ್ಟರೆ ಮುಂದಿನ ನಾಲ್ಕು ಹಲ್ಲು ಉಜ್ಜಿ ಓಡುತ್ತಾರೆ!

ಪಾವಗಡದಮ್ಮ:
ಎಣಿಸಿದೆ, ಆರನೆಯದೇ! ಶನಿವಾರ ತೋರಿಸುತ್ತೇನೆ. ನಮ್ಮ ಕಡೆ ಬೋರ್‌ವೆಲ್ ನೀರಲ್ಲೇ ಫ್ಲೋರೈಡ್ ಜಾಸ್ತಿ ಅಲ್ವಾ, ಪೇಸ್ಟಲ್ಲೂ ಬೇಕಾ?

ಹಲ್ಲಿನ ಡಾಕ್ಟರ್:
ಕುಡಿಯುವ ನೀರು ಯಾವುದು ಅಂತ ಅಲ್ಲಿ ಮರೆಯದೆ ಹೇಳಿ. ಅಲ್ಲಿವರೆಗೆ ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು, ನುಂಗದೆ ಉಗಿಯಲಿ.